ಗಟ್ಟಿ ಜನ

ಬಳೆ ಏರಲಿಲ್ಲ.

ದಿವ್ಯಾಳ ಕೈ ಅಷ್ಟು ಬಾತಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಸೀಮಂತದ ಬಳೆ ತೊಡಿಸಲು ಕೂತ ಹೆಂಗಸು ಒಮ್ಮೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ಸೋಪಿನ ನೀರು ತರಿಸಿದಳು. ಸೋಪು ಸವರಿ, ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿ, ಹಲ್ಲು ಕಚ್ಚಿ ದೂಡಿದಳು. ಹಸಿರು ಗಾಜು ಪಟ್ಟನೆ ಒಡೆಯಿತು. ಮಣಿಕಟ್ಟಿನಲ್ಲಿ ರಕ್ತ ಬಂತು.

“ಎಂತಾ ಕೈಯೇ ನಿಂದು! ಗಂಡಸಿನ ಕೈ ಇದ್ದ ಹಾಗೆ ಉಂಟಲ್ಲೇ,” ಅಂದಳು ಆ ಹೆಂಗಸು. ಸುತ್ತ ಕೂತವರು ನಕ್ಕರು.

ವೆಂಕಮ್ಮ ನಗಲಿಲ್ಲ. ಸೊಸೆಯ ಕೈಯನ್ನು ತನ್ನ ಸೆರಗಿನಿಂದ ಒತ್ತಿ ಹಿಡಿದಳು.

“ಕೈ ಬಾತದೆ ಅಮ್ಮಾ. ಕಾಲೂ ಬಾತದೆ. ಮುಖ ನೋಡಿ. ಡಾಕ್ಟ್ರಿಗೆ ತೋರಿಸೂದು ಹೇಳಿಯೇ ಬಂದದ್ದು ನಾವು.”

“ಬಸುರಿ ಅಂದ್ಮೇಲೆ ಬಾಯ್ತದಪ್ಪ. ಮುಂದೆ ಹೋಗಿ ಕೂತ್ಕೊಳ್ಳಿ. ಹಿಂದೆ ಸಾಲು ಉಂಟು.”

ಅರಬೈಲ್ ಘಟ್ಟ ಇಳಿಯುವಾಗ ಡಾಂಬರು ರಸ್ತೆ ಬಿಟ್ಟು ಕಾಡಿನೊಳಗೆ ಇಳಿದರೆ ಗುಂಡಿಮಟ್ಟಿ. ಸಿದ್ದಿಗಳ ಕೇರಿ. ವೆಂಕಮ್ಮ ಹುಟ್ಟಿದ್ದು ಬೇರೆ ಕೇರಿ, ಬಂದು ಬಿದ್ದದ್ದು ಇಲ್ಲಿ. ಬುದ್ಧಿ ಬಂದಾಗಿನಿಂದ ಅವಳು ಹೊತ್ತಳು. ತೋಟಕ್ಕೆ ಗೊಬ್ಬರ ಹೊತ್ತಳು, ಬೆಟ್ಟದಿಂದ ಸೊಪ್ಪು ಹೊತ್ತಳು, ಹಸಿ ಅಡಿಕೆ ಗೊನೆ ಹೊತ್ತಳು. ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದು ಅಲ್ಲಿ ಬರೀ ಚರ್ಮ ಉಳಿದಿತ್ತು. ಗಂಡ ಸತ್ತಮೇಲೂ ಹೊತ್ತಳು. ಮಗ ನವೀನ ಅಡಿಕೆ ಮರ ಹತ್ತಿ ಗೊನೆ ಇಳಿಸುವವ. ಕೊಯ್ಲಿನ ಕಾಲದಲ್ಲಿ ಸಿದ್ದಾಪುರದ ಕಡೆ ತೋಟಗಳಿಗೆ ಹೋದರೆ ಹೋದ, ಮನೆಗೆ ಬರುವುದು ಕೊಯ್ಲು ಮುಗಿದಮೇಲೆ. ಈಗಲೂ ಅಲ್ಲೇ ಇದ್ದ. ಮನೆಯಲ್ಲಿ ಅತ್ತೆ, ಸೊಸೆ, ಸೊಸೆಯ ಹೊಟ್ಟೆಯೊಳಗೊಂದು ಕೂಸು.

ದಿವ್ಯಾಳಿಗೆ ತಲೆನೋವು ಶುರುವಾದದ್ದು ಅಡಿಕೆ ಸುಲಿಯುತ್ತಾ ಕೂತಲ್ಲಿ. ಮೆಟ್ಟುಗತ್ತಿಯ ಮುಂದೆ ಕೂತವಳು ಹಣೆ ಹಿಡಿದುಕೊಂಡಳು. ಮರುದಿನ ಪಾದ ಬಾತು ಚಪ್ಪಲಿ ಹಿಡಿಯದಾಯಿತು. ವೆಂಕಮ್ಮ ಅವಳನ್ನು ಕರೆದುಕೊಂಡು ಕಾಡುಹಾದಿ ಹತ್ತಿ, ಬಸ್ಸಿಗೆ ಕೈಮಾಡಿ, ಕಣ್ಣಿಹೊಂಡದ ಸರಕಾರಿ ಆಸ್ಪತ್ರೆಗೆ ಹೋದಳು. ಡಾಕ್ಟರು ಇರಲಿಲ್ಲ. ಮೀಟಿಂಗಿಗೆ ಹೋಗಿದ್ದಾರೆ ಅಂದಳು ನರ್ಸು ಶ್ರೀಲಕ್ಷ್ಮಿ. ಮುಂದಿನ ವಾರ ಹೋದರೆ ರಜೆ. ಅದರಾಚೆ ಹೋದರೆ ಮತ್ತೆ ಮೀಟಿಂಗು.

“ಬಿಪಿ ಆದ್ರೂ ನೋಡಿ ಸಿಸ್ಟ್ರೇ,” ಅಂದಳು ದಿವ್ಯಾ. ಅವಳು ಹೈಸ್ಕೂಲು ಮೆಟ್ಟಿಲು ಹತ್ತಿದವಳು, ಬಿಪಿ ಎಂಬ ಮಾತು ಗೊತ್ತಿತ್ತು.

“ಮಷಿನ್ ಹಾಳಾಗಿದೆ.” ಶ್ರೀಲಕ್ಷ್ಮಿ ಮೊಬೈಲಿನಿಂದ ತಲೆ ಎತ್ತಲಿಲ್ಲ. ತನ್ನ ತಾಯಿಯ ವಯಸ್ಸಿನ ವೆಂಕಮ್ಮನಿಗೆ ಏಕವಚನದಲ್ಲೇ ಹೇಳಿದಳು: “ನಿಮಗೆಲ್ಲ ಎಂತ ಆಗ್ತದೆ ವೆಂಕಮ್ಮ? ಗಟ್ಟಿ ಜನ ನೀವು. ನೀನು ತೋಟದಲ್ಲೇ ಹೆತ್ತು, ಬುಟ್ಟಿ ಹೊತ್ಕೊಂಡು ಮನೆಗೆ ನಡೆದವಳಂತೆ. ನಮ್ಮಪ್ಪ ಈಗ್ಲೂ ಹೇಳ್ತಾರೆ.”

ಹೌದು, ವೆಂಕಮ್ಮ ತೋಟದಲ್ಲಿ ಹೆತ್ತಿದ್ದಳು. ಅದು ಊರಿಗೇ ಗೊತ್ತು. ಮೆಚ್ಚಿ ಹೇಳುವ ಹಾಗೆ ಹೇಳುತ್ತಾರೆ. ಆ ಕೂಸು ಸಂಜೆಗೆ ಸತ್ತದ್ದನ್ನು ಯಾರೂ ಹೇಳುವುದಿಲ್ಲ. ಮಾರನೇ ದಿನ ಎದೆಹಾಲು ಸೋರುತ್ತಿದ್ದ ರವಿಕೆಯಲ್ಲೇ ಅವಳು ಮತ್ತೆ ಕೆಲಸಕ್ಕೆ ಹೋದದ್ದನ್ನೂ ಹೇಳುವುದಿಲ್ಲ. ಗಟ್ಟಿ ಜನ ಅಂದುಬಿಟ್ಟರೆ ಮುಗಿಯಿತು. ಗಟ್ಟಿ ಜನರಿಗೆ ನೋವಿಲ್ಲ. ನೋವಿಲ್ಲದವರಿಗೆ ಡಾಕ್ಟರು ಬೇಕಿಲ್ಲ.

“ಸೀಮಂತದ ದಿನ ಕರ್ಕೊಂಡು ಬಾ. ಆವತ್ತು ಡಾಕ್ಟ್ರು ಇದ್ದೇ ಇರ್ತಾರೆ. ಬಸುರಿಯರಿಗೆಲ್ಲ ತಪಾಸಣೆ ಉಂಟು,” ಅಂದಿದ್ದಳು ಶ್ರೀಲಕ್ಷ್ಮಿ.

ಸರಕಾರದ ಸಾಮೂಹಿಕ ಸೀಮಂತ. ಆ ದಿನ ಬೆಳಿಗ್ಗೆ ಕಾಡುಹಾದಿ ಇಳಿದು ಕೇರಿಯ ತುದಿಗೆ ಆಸ್ಪತ್ರೆಯ ಜೀಪು ಬಂದು ನಿಂತು ಹಾರ್ನು ಹೊಡೆಯಿತು. ವೆಂಕಮ್ಮ ಅದನ್ನೇ ನೋಡಿದಳು. ಹಿಂದಿನ ಮಳೆಗಾಲದಲ್ಲಿ ಇದೇ ಕೇರಿಯ ಹೆಂಗಸೊಬ್ಬಳು ಹೆರಿಗೆ ನೋವಿನಲ್ಲಿ ಒದ್ದಾಡುವಾಗ ಜೀಪಿಗೆ ಫೋನು ಮಾಡಿದ್ದರು. ಹಾದಿ ಸರಿ ಇಲ್ಲ, ಗಾಡಿ ಬರುವುದಿಲ್ಲ ಅಂದಿದ್ದರು. ಕಂಬಳಿಯನ್ನು ಬಿದಿರಿಗೆ ಕಟ್ಟಿ ಹೊತ್ತುಕೊಂಡು ಹೋಗಿದ್ದರು. ಈಗ ಹಾದಿ ಅದೇ. ಜೀಪು ಬಂದಿದೆ. ಯಾಕೆಂದರೆ ಈಗ ಬಸುರಿಯರು ಕುರ್ಚಿ ತುಂಬಿಸಬೇಕು.

ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ. ‘ಸುರಕ್ಷಿತ ತಾಯ್ತನ’ ಎಂದು ದೊಡ್ಡ ಬ್ಯಾನರು. ಬ್ಯಾನರಿನಲ್ಲಿ ಬೆಳ್ಳಗಿನ ಹೆಂಗಸೊಬ್ಬಳು ಹೊಟ್ಟೆ ಮೇಲೆ ಕೈಯಿಟ್ಟು ನಗುತ್ತಿದ್ದಳು. ಪಕ್ಕದಲ್ಲಿ ಹೊಸ ಆಂಬುಲೆನ್ಸು. ಅದಕ್ಕೆ ಚೆಂಡು ಹೂವಿನ ಮಾಲೆ. ಮುಂದೆ ಎರಡು ಕಂಬಕ್ಕೆ ಕೆಂಪು ರಿಬ್ಬನ್ನು. ಊರಿನಿಂದ ಆರಿಸಿ ಹೋದ ದೊಡ್ಡ ಸಾಹೇಬರು ಬಂದು ರಿಬ್ಬನ್ನು ಕತ್ತರಿಸಿ, ಹಸಿರು ಬಾವುಟ ಬೀಸಬೇಕು. ಆಮೇಲೆ ಗಾಡಿ ಹೊರಡುವುದು.

ತಾಲೂಕಿನಿಂದ ಬಂದ ಅಧಿಕಾರಿ ಸೀತಾರಾಮ ಅತ್ತಿಂದಿತ್ತ ಓಡಾಡುತ್ತಿದ್ದ. ಧಾರವಾಡದ ಕಡೆಯವ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಬಸುರಿಯರ ಸಾಲು ನೋಡಿ ಅವನು ಶ್ರೀಲಕ್ಷ್ಮಿಯನ್ನು ಕರೆದ.

“ಆ ಸಿದ್ದಿ ಹುಡುಗಿನ್ನ ಮುಂದಿನ ಸಾಲಿನಾಗ ಕುಂದ್ರಿಸ್ರಿ. ನಟ್ಟನಡುವ. ಫೋಟೋಕ್ಕ ಚಲೋ ಕಾಣಸ್ತದ.”

ದಿವ್ಯಾಳನ್ನು ನಡುವಿನ ಕುರ್ಚಿಗೆ ತಂದು ಕೂರಿಸಿದರು. ಮೇಲೆ ಶಾಮಿಯಾನದ ಬಟ್ಟೆ ಅಲ್ಲಿ ಹರಿದಿತ್ತು. ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಕ್ಯಾಮರಾದವ ಬಂದು, ನಗು ತಂಗಿ, ಸ್ವಲ್ಪ ನಗು ಅಂದ. ಅವಳ ತುಟಿ ಒಣಗಿ ಹಲ್ಲಿಗೆ ಅಂಟಿತ್ತು.

ಸಾಹೇಬರು ಬರಲಿಲ್ಲ. ಸಿರ್ಸಿಯಲ್ಲಿ ಇನ್ನೊಂದು ಕಾರ್ಯಕ್ರಮವಂತೆ. ಆಮೇಲೆ ಸಿರ್ಸಿ ಬಿಟ್ಟರಂತೆ. ಮಂಚಿಕೇರಿಯಲ್ಲಿ ಹಾರ ಹಾಕಲು ನಿಲ್ಲಿಸಿದರಂತೆ. ಮೈಕಿನವ ಪ್ರತಿ ಸಲವೂ, ಇನ್ನೇನು ಬಂದೇಬಿಟ್ಟರು ಅನ್ನುತ್ತಿದ್ದ. ಸಾಹೇಬರು ಬಂದು ಉಡಿ ತುಂಬುವ ತನಕ ಊಟ ಬಡಿಸುವ ಹಾಗಿಲ್ಲ. ಎದ್ದು ಹೋದರೆ ಕುರ್ಚಿ ಖಾಲಿ ಕಾಣುತ್ತದೆಂದು ಉಚ್ಚೆಗೆ ಎದ್ದವರನ್ನೂ ಕೂರಿಸುತ್ತಿದ್ದರು. ಹೊಟ್ಟೆ ಹೊತ್ತ ಹೆಂಗಸರು ಉಚ್ಚೆ ಕಟ್ಟಿಕೊಂಡು ಕೂತಿದ್ದರು.

“ಅತ್ತೇ,” ಅಂದಳು ದಿವ್ಯಾ. “ತಲೆ ಸಿಡೀತದೆ. ಕಣ್ಣೆದುರು ಮಿಂಚುಹುಳ ಹಾರಿದ ಹಾಗೆ ಆಗ್ತದೆ.”

“ಇಲ್ಲೇ ಕೂತಿರು ಮಗಾ. ಡಾಕ್ಟ್ರನ್ನ ಕರೀತೆ.”

ಡಾಕ್ಟರು ವೇದಿಕೆಯ ಮೇಲೆ ಕೂತಿದ್ದ. ಚಿಕ್ಕ ಪ್ರಾಯದವ. ಕೊರಳಿಗೆ ಶಾಲು, ಕೈಯಲ್ಲಿ ಚಹಾ. ಇಷ್ಟು ದಿನ ಮೀಟಿಂಗಿನಲ್ಲಿದ್ದವ ಇವನೇ ಅಂತ ವೆಂಕಮ್ಮನಿಗೆ ಈಗ ಗೊತ್ತಾಯಿತು. ಅವಳು ವೇದಿಕೆಯ ಬದಿಗೆ ಹೋಗಿ ಕೈಮುಗಿದಳು. ಸೊಸೆಯನ್ನು ತೋರಿಸಿದಳು. ಡಾಕ್ಟರು ಅತ್ತ ನೋಡಿದ. ಚಹಾ ಕೆಳಗಿಟ್ಟು ಅರ್ಧ ಎದ್ದ.

“ಕೂಡ್ರಿ ಡಾಕ್ಟ್ರ, ಕೂಡ್ರಿ,” ಅಂದ ಸೀತಾರಾಮ. “ಈಗ ಒಬ್ಬಾಕಿನ್ನ ನೋಡಿದ್ರ ಎಲ್ಲಾರೂ ಏಳ್ತಾರ. ಕಾರ್ಯಕ್ರಮ ಮುಗೀಲಿ.”

ಅರ್ಧ ಎದ್ದವ ಪೂರ್ತಿ ಕೂತ.

ವೆಂಕಮ್ಮ ಶ್ರೀಲಕ್ಷ್ಮಿಯ ಹತ್ತಿರ ಹೋದಳು. “ಗಲಾಟೆ ಮಾಡ್ಬೇಡ ಮಾರಾಯ್ತಿ,” ಅಂದಳು ಶ್ರೀಲಕ್ಷ್ಮಿ. “ಅಷ್ಟು ಚಂದದ ಸೀರೆ ಕೊಡ್ತಾರೆ, ಹಣ್ಣು ಕೊಡ್ತಾರೆ. ಕೂತ್ಕೊಳ್ಳೂಕೆ ಎಂತ ದಾಡಿ ನಿಮಗೆ?”

ವೆಂಕಮ್ಮ ವಾಪಸು ಬಂದಳು. ಸೊಸೆಯ ಹಿಂದೆ ನಿಂತು ಸೆರಗನ್ನು ಹರಡಿ ಬಿಸಿಲಿಗೆ ಅಡ್ಡ ಹಿಡಿದಳು. ಮಧ್ಯಾಹ್ನದ ತನಕ ಹಾಗೇ ನಿಂತಳು. ಆ ನಿಂತದ್ದಕ್ಕೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಲ್ಲ.

ದಿವ್ಯಾಳ ಕತ್ತು ಒಂದು ಬದಿಗೆ ತಿರುಗಿತು. ತಿರುಗಿದ್ದು ಹಾಗೇ ನಿಂತಿತು. ದವಡೆ ಕಚ್ಚಿಕೊಂಡಿತು. ಆಮೇಲೆ ಇಡೀ ಮೈ ಜಗ್ಗಿತು. ಕುರ್ಚಿ ಸಮೇತ ಅವಳು ನೆಲಕ್ಕೆ ಬಿದ್ದಳು. ಕೈಕಾಲು ಹೊಡೆದುಕೊಂಡವು. ಬಾಯಿಯಿಂದ ನೊರೆ, ನೊರೆಯಲ್ಲಿ ರಕ್ತ. ಕಚ್ಚಿದ ನಾಲಿಗೆಯ ರಕ್ತ. ಒಂದು ಒಡೆದಮೇಲೆ ದೊಡ್ಡ ಅಳತೆಯವು ಹುಡುಕಿ ತಳ್ಳಿ ತಳ್ಳಿ ಏರಿಸಿದ್ದ ಬಳೆಗಳು ನೆಲಕ್ಕೆ ಬಡಿದು ಪುಡಿಯಾದವು.

ಹೆಂಗಸರು ಕೂಗಿಕೊಂಡು ಎದ್ದರು. ಮೈಮೇಲೆ ಬಂದಿದೆ ಅಂದರು ಯಾರೋ. ಕಬ್ಬಿಣ ಕೊಡಿ ಕೈಗೆ ಅಂದರು ಇನ್ನಾರೋ. ಹಿಂದಿನ ಸಾಲಿನಿಂದ ಒಂದು ಗಂಡು ದನಿ ಬಂತು: “ಕುಡಿದು ಬಂದಾಳಾ ನೋಡಿ ಮೊದ್ಲು. ಅವರ ಕೇರಿಯಲ್ಲಿ ಅದೇ ಅಲ್ವಾ ಕೆಲಸ.”

ವೆಂಕಮ್ಮ ಅದನ್ನೂ ಕೇಳಿಸಿಕೊಂಡಳು. ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಈಗ ಡಾಕ್ಟರು ಹಾರಿ ಬಂದ. ಶಾಲು ಎಲ್ಲೋ ಬಿತ್ತು. ಶ್ರೀಲಕ್ಷ್ಮಿ ಒಳಗೆ ಓಡಿ ಇಂಜೆಕ್ಷನ್ ತಂದಳು. ಅವನು ಅದನ್ನು ಚುಚ್ಚಿದ. “ಇಲ್ಲಿ ಆಗೂದಿಲ್ಲ. ಹುಬ್ಬಳ್ಳಿಗೆ ಒಯ್ಯಬೇಕು. ಈಗಲೇ. ತಡ ಆದ್ರೆ ಇಬ್ಬರೂ ಹೋಗ್ತಾರೆ,” ಅಂದ.

ಆಸ್ಪತ್ರೆಯ ಹಳೇ ಆಂಬುಲೆನ್ಸು ಇರಲಿಲ್ಲ. ಅದು ಸಾಹೇಬರ ಕಾರುಗಳ ಹಿಂದೆ ಹೋಗಿತ್ತು. ದೊಡ್ಡವರಿಗೆ ದಾರಿಯಲ್ಲಿ ಏನಾದರೂ ಆದರೆ ಬೇಕಲ್ಲ. ಜೀಪು ಮಾಲೆ ತರಲು ಪೇಟೆಗೆ ಹೋಗಿತ್ತು. ಉಳಿದದ್ದು ಹೊಸ ಗಾಡಿ ಒಂದೇ. ಡ್ರೈವರು ಮಂಜಪ್ಪ ಹೊಸ ಸಮವಸ್ತ್ರ ಹಾಕಿಕೊಂಡು ಅದರ ಬಾಗಿಲಲ್ಲೇ ನಿಂತಿದ್ದ.

“ಕೀಲಿ ಸಾಹೇಬರ ಹತ್ರ ಉಂಟು,” ಅಂದ ಅವನು, ಸೀತಾರಾಮನ ಕಡೆ ನೋಡುತ್ತಾ.

ಕೀಲಿ ಸೀತಾರಾಮನ ಅಂಗಿಯ ಜೇಬಿನಲ್ಲಿತ್ತು. ಬೆಳ್ಳಿ ತಟ್ಟೆಯಲ್ಲಿಟ್ಟು ದೊಡ್ಡ ಸಾಹೇಬರ ಕೈಯಿಂದ ಮಂಜಪ್ಪನಿಗೆ ಕೊಡಿಸುವುದಿತ್ತು. ವೆಂಕಮ್ಮ ಓಡಿದಳು.

“ಗಾಡಿ ಕೊಡಿ ಸಾಹೇಬ್ರೆ.”

“ಹ್ಯಾಂಗ ಕೊಡ್ಲಿ ಬೇ? ಪೂಜಾ ಆಗಿಲ್ಲ, ಉದ್ಘಾಟನಾ ಆಗಿಲ್ಲ. ಗಾಡಿ ಇಲ್ಲ ಅಂದ್ರ ಸಾಹೇಬ್ರು ನನ್ನ ಕೊಲ್ತಾರ. ಘಟ್ಟ ಇಳಿಯಾಕ ಹತ್ಯಾರ ಅವರು. ಬಂದ್ರು ಅಂದ್ರ ಬಂದ್ರು. ಅವರ ಕೈಲೇ ಬಾವುಟ ತೋರಿಸಿ ಕಳಸೋಣು. ಪೇಪರಿನ್ಯಾಗೂ ಚಲೋ ಬರ್ತದ.”

ವೆಂಕಮ್ಮ ಅವನ ಕಾಲಿಗೆ ಬಿದ್ದಳು. ಅಷ್ಟು ಜನರೆದುರು ಮಣ್ಣಿನಲ್ಲಿ ಬಿದ್ದು ಅವನ ಪಾದ ಹಿಡಿದಳು. ಅವನು ಕಾಲು ಕೊಸರಿಕೊಂಡು ಹಿಂದೆ ಸರಿದ.

“ಮುಟ್ಟಬ್ಯಾಡ, ಮುಟ್ಟಬ್ಯಾಡ! ಏಳು ಮ್ಯಾಲೆ!”

ಅವಳು ಎದ್ದಳು.

ಏಳುವಾಗ ಅವಳ ಮುಖ ಬೇರೆ ಆಗಿತ್ತು ಅಂತ ಮಂಜಪ್ಪ ಆಮೇಲೆ ಹೇಳಿದ್ದುಂಟು. ಅವಳು ಎಡಗೈಯಿಂದ ಸೀತಾರಾಮನ ಎದೆಯ ಅಂಗಿ ಹಿಡಿದಳು. ಗೊನೆ ಹೊತ್ತ ಕೈ, ಗೊಬ್ಬರದ ಬುಟ್ಟಿ ಎತ್ತಿದ ಕೈ. ಬಲಗೈಯನ್ನು ಅವನ ಜೇಬಿಗೆ ಹಾಕಿದಳು. ಅವನು ಅವಳ ರಟ್ಟೆ ಹಿಡಿದು ಜಗ್ಗಿದ. ಬಡಿದ. ಅವಳು ಬಿಡಲಿಲ್ಲ. ಜೇಬು ಹರಿದು ಕೀಲಿ ಅವಳ ಕೈಗೆ ಬಂತು.

“ಹಿಡೀರಿ ಆಕಿನ್ನ!” ಅಂತ ಅವನು ಕಿರುಚಿದ.

ಯಾರೂ ಹಿಡಿಯಲಿಲ್ಲ. ಬಸುರಿಯರು ಅಡ್ಡ ಬಂದು ನಿಂತಿದ್ದರು. ತುಂಬಿದ ಹೊಟ್ಟೆಗಳ ನಡುವೆ ನುಗ್ಗಿ ಬರುವ ಧೈರ್ಯ ಯಾವ ಗಂಡಸಿಗೂ ಆಗಲಿಲ್ಲ.

ವೆಂಕಮ್ಮ ಕೀಲಿಯನ್ನು ಮಂಜಪ್ಪನ ಮುಂದೆ ಹಿಡಿದಳು. ಅವನು ಒಂದು ಗಳಿಗೆ ಸೀತಾರಾಮನನ್ನು ನೋಡಿದ. ಇನ್ನೊಂದು ಗಳಿಗೆ ನೆಲದ ಮೇಲಿದ್ದ ಹುಡುಗಿಯನ್ನು ನೋಡಿದ. ಕೀಲಿ ಕಸಿದುಕೊಂಡು, “ಎತ್ತಿ, ಎತ್ತಿ, ಬೇಗ!” ಅಂದ. ರಿಬ್ಬನ್ನು ಗಾಡಿಯ ಮೂತಿಗೆ ಸಿಕ್ಕಿ ಹರಿಯಿತು. ಒಂದು ಕಂಬವೂ ಬಿತ್ತು.

ಘಟ್ಟದ ತಿರುವಿನಲ್ಲಿ ಸಾಹೇಬರ ಕಾರುಗಳು ಎದುರಾದವು. ಪೊಲೀಸು ಜೀಪಿನವ ಕೈ ಹೊರಗೆ ಹಾಕಿ, ಬದಿಗೆ ನಿಲ್ಲಿಸು ಎಂದು ಸನ್ನೆ ಮಾಡಿದ. ಮಂಜಪ್ಪ ನಿಲ್ಲಿಸಲಿಲ್ಲ. ಸೈರನ್ನು ಹಾಕಿ ಮೇಲೆ ಹತ್ತಿಸಿದ. ಕಾರುಗಳೇ ಗಟಾರದ ಬದಿಗೆ ಸರಿದವು. ಕಡೆಯಲ್ಲಿ ಹಳೇ ಆಂಬುಲೆನ್ಸು ಖಾಲಿಯಾಗಿ ಇಳಿಯುತ್ತಿತ್ತು.

ದಾರಿಯಲ್ಲಿ ದಿವ್ಯಾಳಿಗೆ ಮತ್ತೆ ಮತ್ತೆ ಮೈ ಜಗ್ಗಿತು. ವೆಂಕಮ್ಮ ಅವಳ ಹಲ್ಲಿನ ನಡುವೆ ತನ್ನ ಬೆರಳು ಇಟ್ಟಳು. ಯಲ್ಲಾಪುರ ದಾಟುವಾಗ ಬೆರಳು ರಕ್ತವಾಗಿತ್ತು. ಅವಳು ತೆಗೆಯಲಿಲ್ಲ.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ಕೂಸು ತೆಗೆದರು. ಗಂಡು. ಕೈಬೆರಳ ಉಗುರು ಕೂಡ ಮೂಡಿತ್ತು. ಉಸಿರು ಇರಲಿಲ್ಲ.

ಅಲ್ಲಿನ ಡಾಕ್ಟರಮ್ಮ ಹೊರಗೆ ಬಂದು ವೆಂಕಮ್ಮನನ್ನು ಬದಿಗೆ ಕರೆದಳು. ಸಿಟ್ಟಿನಿಂದ ಅವಳ ದನಿ ಗಡುಸಾಗಿತ್ತು. “ಬಿಪಿ ಇಷ್ಟು ಏರೂತನಕ ಏನ್ ಮಾಡ್ತಿದ್ರಿ? ಮೊದಲ ತೋರಿಸಿದ್ರ ಗುಳಿಗಿ ಕೊಡ್ತಿದ್ರು. ಕೂಸು ಉಳೀತಿತ್ತು.”

“ತೋರಿಸೂಕೇ ಹೋಗಿದ್ದೆವು ಅಮ್ಮಾ,” ಅಂದಳು ವೆಂಕಮ್ಮ. “ನೋಡುವವರು ಇರ್ಲಿಲ್ಲ.”

ನವೀನ ಸಿದ್ದಾಪುರದಿಂದ ಮೂರು ಬಸ್ಸು ಬದಲಿಸಿ ಬಂದ. ಮೈಮೇಲೆ ಅಡಿಕೆ ಮರದ ಪಾಚಿ ಹಾಗೇ ಇತ್ತು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅವನ ಕೈಗೆ ಕೊಟ್ಟರು. ಬಾಡಿಗೆ ಗಾಡಿಯವರು ಹೆಣ ಒಯ್ಯುವುದಿಲ್ಲ ಅಂದರು. ಅವನು ಕೂಸನ್ನು ಬಟ್ಟೆ ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೂತ. ಗೊತ್ತಾದರೆ ಇಳಿಸುತ್ತಾರೆಂದು ದಾರಿಯುದ್ದಕ್ಕೂ ಅಳಲಿಲ್ಲ. ಚೀಲ ಮೇಲಿಡಪ್ಪಾ ಅಂದ ಕಂಡಕ್ಟರು. ಇರಲಿ ಅಂದ. ಅರಬೈಲಿನಲ್ಲಿ ಇಳಿದು, ಕಾಡಿಗೆ ಹೊಕ್ಕಮೇಲೆ, ಹಾದಿಯಲ್ಲಿ ಕೂತು ಬೊಬ್ಬೆ ಹಾಕಿದ. ಅವನೇ ಗುಂಡಿ ತೋಡಿದ.

ದಿವ್ಯಾ ಬದುಕಿದಳು. ಬಹಳ ದಿನ ಯಾರ ಗುರುತೂ ಹಿಡಿಯಲಿಲ್ಲ. ಗುರುತು ಹಿಡಿದ ದಿನ ಮೊದಲು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು.

ಅದೇ ವಾರ್ಡಿಗೆ ಒಂದು ಮಧ್ಯಾಹ್ನ ಸೀತಾರಾಮ ಬಂದ. ಕೈಯಲ್ಲಿ ಸೇಬುಹಣ್ಣಿನ ಚೀಲ. ಹಿಂದೆ ಆ ಕ್ಯಾಮರಾದವ. ಈಗ ಅವನ ಬಾಯಲ್ಲಿ ಬಹುವಚನ ಬಂದಿತ್ತು.

“ಆಗಿದ್ದು ಆತು ವೆಂಕಮ್ಮಾರ. ಸಾಹೇಬ್ರು ಬಂದಾಗ ಗಾಡಿನ ಇಲ್ಲ. ಎಲ್ಲಾರ ಮುಂದ ಮಂಗಳಾರತಿ ಆತು ನನಗ. ಪೊಲೀಸ್ರಿಗೆ ಬರದು ಕೊಟ್ಟೀನಿ, ಕೊಡದ ಗತಿ ಇರಲಿಲ್ಲ. ಸರಕಾರಿ ನೌಕರನ ಮೈಮ್ಯಾಲೆ ಕೈ ಅಂದ್ರ ಸಣ್ಣ ಕೇಸಲ್ಲ ಅದು. ಈಗ ಒಂದು ದಾರಿ ಐತಿ. ಹೊಸ ಗಾಡಿಯಿಂದ ಜೀವ ಉಳೀತು ಅಂತ ನೀವು ಒಂದು ಮಾತು ಹೇಳ್ರಿ. ಮೊದಲನೇ ಫಲಾನುಭವಿ ಅಂತ ಸೊಸಿದು ಒಂದು ಫೋಟೋ. ಸಾಹೇಬ್ರೂ ತಣ್ಣಗಾಗ್ತಾರ. ಕೇಸಿನ ಕತಿ ನಾ ನೋಡ್ಕೋತೀನಿ.”

“ಯಾರ ಜೀವ?” ಕೇಳಿದಳು ವೆಂಕಮ್ಮ.

“ಅಂದ್ರ?”

“ಯಾರ ಜೀವ ಉಳೀತು? ನನ್ನ ಮಗ ಚೀಲದಲ್ಲಿ ಹೊತ್ಕೊಂಡು ಹೋದನಲ್ಲ, ಅವನದಾ? ಅವನ ಫೋಟೋ ತೆಗೀತೀರಾ? ಬನ್ನಿ, ತೋರಿಸ್ತೆ. ಮಣ್ಣು ಇನ್ನೂ ಹಸಿ ಉಂಟು. ಅಗೆದು ತೆಗೆದುಕೊಡ್ತೆ.”

ವಾರ್ಡಿನ ಹೆಂಗಸರೆಲ್ಲ ತಿರುಗಿ ನೋಡಿದರು. ಕ್ಯಾಮರಾದವ ಸುಮ್ಮನಿರಲಾರದೆ ಕ್ಯಾಮರಾ ಎತ್ತಿದ. ವೆಂಕಮ್ಮ ಕಚ್ಚಿಸಿಕೊಂಡ ಬೆರಳಿನ ಕೈಯನ್ನು ಕ್ಯಾಮರಾದ ಕಣ್ಣಿಗೆ ಅಡ್ಡ ಇಟ್ಟಳು. ಸೇಬಿನ ಚೀಲ ಎತ್ತಿ ಬಾಗಿಲಾಚೆ ಇಟ್ಟು ಬಂದಳು.

“ಕೇಸು ಹಾಕ್ಕೊಳ್ಳಿ,” ಅಂದಳು.

ಊರಿಗೆ ಬಂದಮೇಲೆ ತೋಟದ ಯಜಮಾನ ವಿಘ್ನೇಶ್ವರ ಹೆಗಡೆ ಕರೆಸಿದ. ಅಂಗಳದಲ್ಲಿ ನಿಲ್ಲಿಸಿಕೊಂಡು, ಜಗುಲಿಯ ಮೇಲೆ ಕೂತು ಹೇಳಿದ: “ಎಂತಕ್ಕೆ ಬೇಕು ವೆಂಕಮ್ಮ ಇದೆಲ್ಲ? ತಪ್ಪಾಯ್ತು ಅಂದುಬಿಡು. ನಾನು ಮಾತಾಡಿ ಮುಗಿಸ್ತೆ. ನಿಮ್ಮಂಥವರು ಕೋರ್ಟು ಕಚೇರಿ ಅಂತ ಅಲೆಯೂಕೆ ಆಗ್ತದಾ? ಮತ್ತೆ ನಾಳೆ ಪೊಲೀಸರು ನನ್ನ ಮನೆ ಬಾಗಿಲಿಗೆ ಬರೂದು ನಂಗೆ ಸರಿಬರೂದಿಲ್ಲ.”

ಅಷ್ಟು ವರ್ಷ ಅವನನ್ನು ‘ಒಡೆಯಾ’ ಎಂದವಳು ಅವತ್ತು ಹಾಗೆ ಕರೆಯಲಿಲ್ಲ. “ಹೆಗಡೇರೆ,” ಅಂದಳು, “ತಪ್ಪು ನಾನು ಮಾಡ್ಲಿಲ್ಲ. ಮಾಡಿದವರ ಹತ್ರ ಹೋಗಿ ಹೇಳಿಸಿ.” ಮರುದಿನದಿಂದ ಅವಳಿಗೆ ಅಲ್ಲಿ ಕೆಲಸ ಇರಲಿಲ್ಲ. ದೂರದ ತೋಟಕ್ಕೆ ನಡೆದಳು. ಹೊರುವುದು ಅಲ್ಲೂ ಅದೇ.

ಮತ್ತೊಂದು ಸಲ ಕೇರಿಗೆ ಜೀಪು ಬಂತು. ಪೌಷ್ಟಿಕ ಆಹಾರದ ಕಾರ್ಯಕ್ರಮವಂತೆ. ಹಾರ್ನು ಹೊಡೆದು ಹೊಡೆದು ಖಾಲಿ ಹೋಯಿತು. ಅದರ ಬದಲು ಒಂದು ಸೋಮವಾರ, ಯಾವ ಕಾರ್ಯಕ್ರಮವೂ ಇಲ್ಲದ ದಿನ, ಸುತ್ತಿನ ಕೇರಿಗಳ ಬಸುರಿಯರನ್ನೆಲ್ಲ ಕರೆದುಕೊಂಡು ವೆಂಕಮ್ಮ ಕಣ್ಣಿಹೊಂಡದ ಆಸ್ಪತ್ರೆಗೆ ಹೋದಳು. ಹೆಂಗಸರು ಬಾಗಿಲಿಗೆ ಅಡ್ಡವಾಗದ ಹಾಗೆ ಜಗುಲಿ ತುಂಬ ಕೂತರು.

“ಬಿಪಿ ನೋಡಿ.”

“ಮಷಿನ್ ಹಾಳಾಗಿದೆ,” ಅಂದಳು ಶ್ರೀಲಕ್ಷ್ಮಿ.

“ಸರಿ ಆಗೂ ತನಕ ಕೂರ್ತೆವು. ಅಕ್ಕಿ ತಂದಿದ್ದೆವು. ಇಲ್ಲೇ ಒಲೆ ಹೂಡ್ತೆವು.”

ಅವರು ನಿಜಕ್ಕೂ ಮೂರು ಕಲ್ಲು ತಂದು ಇಟ್ಟರು. ಕಟ್ಟಿಗೆ ಒಟ್ಟಿದರು. ಹೊಗೆ ಒಳಗೆ ಹೋಯಿತು. ಅನ್ನ ಬೇಯುವ ಮೊದಲೇ ಒಳಗಿನ ಕಪಾಟಿನಿಂದ ಮಷಿನ್ ಹೊರಬಂತು. ಹೊಸದು. ಪ್ಲಾಸ್ಟಿಕ್ ಹೊದಿಕೆ ಕೂಡ ಹರಿದಿರಲಿಲ್ಲ. ಮೀಟಿಂಗಿನಲ್ಲಿದ್ದ ಡಾಕ್ಟರೂ ಬೈಕಿನಲ್ಲಿ ಬಂದ. ಒಬ್ಬೊಬ್ಬಳ ತೋಳಿಗೂ ಪಟ್ಟಿ ಸುತ್ತಿದ. ವೆಂಕಮ್ಮನನ್ನು ನೋಡಿ, “ಆವತ್ತು ನಾನು...” ಅಂತ ಏನೋ ಹೇಳಲು ಹೋದ.

“ನಂಗೆ ಹೇಳ್ಬೇಡಿ,” ಅಂದಳು ಅವಳು. “ಅವಳ ತೋಳು ನೋಡಿ.”

ಕೇಸು ಮಾತ್ರ ಹೋಗಲಿಲ್ಲ. ಒಂದು ದಿನ ಕೋರ್ಟಿನಿಂದ ಕರೆ ಬಂತು. ದಿವ್ಯಾ, ನವೀನ ಜೊತೆಗೆ ಬಂದರು. ಮಂಜಪ್ಪನೂ ಬಂದ. ಅವನನ್ನು ಕೆಲಸದಿಂದ ತೆಗೆದಿದ್ದರು. ಸರಕಾರದಿಂದ ಕೊಟ್ಟ ವಕೀಲ ಹೊರಗಿನ ಮರದ ಕೆಳಗೆ ವೆಂಕಮ್ಮನಿಗೆ ತಿಳಿ ಹೇಳಿದ. “ಸುಲಭ ಮಾಡ್ಕೊಳ್ಳಿ ಅಮ್ಮಾ. ಸೊಸೆಯ ಕಷ್ಟ ನೋಡಿ ತಲೆ ಕೆಟ್ಟಿತ್ತು, ತಪ್ಪಾಯ್ತು ಅನ್ನಿ. ನ್ಯಾಯಾಧೀಶರು ಒಳ್ಳೆಯವರು. ಏನೋ ಸಣ್ಣ ದಂಡ ಹಾಕಿ ಬಿಡ್ತಾರೆ. ಇಲ್ದಿದ್ರೆ ವರ್ಷಗಟ್ಟಲೆ ಅಲೀಬೇಕು.”

ಅವಳು ತಲೆ ಆಡಿಸಿದಳು. ಒಪ್ಪಿದಳು ಅಂತ ಅವನು ತಿಳಿದ.

ಒಳಗೆ ಸೀತಾರಾಮ ಮುಂದಿನ ಬೆಂಚಿನಲ್ಲಿ ಕೂತಿದ್ದ. ಅವಳನ್ನು ಕಟಕಟೆಗೆ ಹತ್ತಿಸಿದರು. ದೂರನ್ನು ಓದಿ ಹೇಳಿದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಅಧಿಕಾರಿಯ ಮೈಮೇಲೆ ಕೈ ಹಾಕಿದ್ದು ಹೌದಾ?”

“ಹೌದು.”

“ಜೇಬು ಹರಿದು ಕೀಲಿ ತೆಗೆದುಕೊಂಡದ್ದು?”

“ಹೌದು.”

“ತಪ್ಪಾಯಿತು ಅಂತ ಒಪ್ಪಿಕೊಳ್ತೀರಾ?”

ವಕೀಲ ಅವಳ ಕಡೆ ಬಗ್ಗಿ, ಹ್ಞೂಂ ಅನ್ನಿ ಎಂದು ಸನ್ನೆ ಮಾಡಿದ. ವೆಂಕಮ್ಮ ಅವನನ್ನು ನೋಡಲಿಲ್ಲ. ಬಾಗಿಲ ಹತ್ತಿರ ನವೀನನ ತೋಳು ಹಿಡಿದು ನಿಂತ ದಿವ್ಯಾಳನ್ನು ನೋಡಿದಳು.

“ಒಂದು ತಪ್ಪು ಆಗಿದೆ ಸಾಹೇಬ್ರೆ,” ಅಂದಳು. “ಬೆಳಿಗ್ಗೆಯೇ ಕೈ ಹಾಕ್ಬೇಕಿತ್ತು. ಮಧ್ಯಾಹ್ನದ ತನಕ ಕಾದೆ.”